ದೇವಗಡದ ದೀಪಗೃಹ: ಹತ್ತಿಯ ಹಾದಿ, ಕಡಲ ಬೆಳಕು ಮತ್ತು ಬಯಲುಸೀಮೆ

ಪ್ರಸ್ತಾವನೆ

ಕರ್ನಾಟಕದ ಚರಿತ್ರೆಯ ಬರವಣಿಗೆಯಲ್ಲಿ ಕೋಟೆ, ಗುಡಿ, ಕೆರೆ, ಶಾಸನ ಮತ್ತು ವೀರಗಲ್ಲುಗಳಿಗೆ ದೊರೆತ ಸ್ಥಾನ ದೀಪಗೃಹಗಳಿಗೆ ದೊರೆತಿಲ್ಲ. ದೀಪಗೃಹವೆಂದರೆ ಕಡಲಂಚಿನ ಜನರಿಗೆ ಮಾತ್ರ ಸಂಬಂಧಿಸಿದ ಕಟ್ಟಡ, ಅದರ ಚರಿತ್ರೆ ಬಂದರು ಇಲಾಖೆಯ ಕಡತಕ್ಕೆ ಸೇರಿದ್ದು ಎಂಬ ಗ್ರಹಿಕೆ ಇದಕ್ಕೆ ಮುಖ್ಯ ಕಾರಣವಾಗಿರಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮೊದಲಾದ ಬಯಲುಸೀಮೆಯ ಪ್ರದೇಶಗಳ ಅಧ್ಯಯನದಲ್ಲಂತೂ ದೀಪಗೃಹದ ಪ್ರಸ್ತಾಪಕ್ಕೆ ಅವಕಾಶವೇ ಇಲ್ಲವೆಂಬಂತೆ ತೋರುತ್ತದೆ. ಆದರೆ ಕಾರವಾರದ ಕೊಲ್ಲಿಯ ಹೊರಗೆ, ಸುತ್ತಲೂ ನೀರಿರುವ ದೇವಗಡ ದ್ವೀಪದ ನೆತ್ತಿಯಲ್ಲಿ 1864ರಲ್ಲಿ ಹೊತ್ತಿದ ದೀಪದ ಹಿಂದೆ ಇದ್ದದ್ದು ಬಯಲುಸೀಮೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿ. ಆ ಹತ್ತಿಯನ್ನು ಹೇರಿಕೊಂಡು ಘಟ್ಟ ಇಳಿದ ಬಂಡಿಗಳ ಚರಿತ್ರೆಯನ್ನೂ ಹಡಗುಗಳಿಗೆ ದಾರಿ ತೋರಿದ ಬೆಳಕಿನ ಚರಿತ್ರೆಯನ್ನೂ ಬೇರೆಬೇರೆಯಾಗಿ ನೋಡುತ್ತ ಬಂದಿರುವುದರಿಂದ ಎರಡೂ ಅಪೂರ್ಣವಾಗಿ ಉಳಿದಿವೆ.

ಪ್ರಸ್ತುತ ಲೇಖನವು ಮೂರು ಪ್ರಶ್ನೆಗಳನ್ನು ಎದುರಿಗೆ ಇಟ್ಟುಕೊಂಡಿದೆ. ಆ ಕಾಲದಲ್ಲಿ, ಆ ಜಾಗದಲ್ಲಿಯೇ ದೀಪ ಹೊತ್ತಿದ್ದು ಏಕೆ? ಅದನ್ನು ಕಟ್ಟಿಸಿದ ವ್ಯಾಪಾರ ಬೇರೆ ದಾರಿ ಹಿಡಿದ ಮೇಲೆ ಆ ಬೆಳಕು ಯಾರದಾಯಿತು? ದಾಖಲೆಗಳು ಹೇಳದೆ ಬಿಟ್ಟ ಜನರ ಪಾಲನ್ನು ಜಾನಪದ ಅಧ್ಯಯನ ಹೇಗೆ ತುಂಬಿಕೊಡಬಲ್ಲದು?

ನೀರಿನ ನಡುವಣ ಬೆಳಕು

ದೀಪಗೃಹಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ದಂಡೆಯ ಮೇಲೆ ಅಥವಾ ದಂಡೆಗೆ ತಾಗಿದ ಗುಡ್ಡದ ಮೇಲೆ ನಿಲ್ಲುವಂಥವು ಒಂದು ಬಗೆ. ಉಡುಪಿ ಜಿಲ್ಲೆಯ ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ನಿರ್ಮಾಣವಾದ ದೀಪಗೃಹ ಈ ಬಗೆಯದು. ಮಂಗಳೂರಿನಲ್ಲಿ ಒಂದು ಗುಡ್ಡಕ್ಕೆ ‘ಲೈಟ್‌ಹೌಸ್ ಹಿಲ್’ ಎಂಬ ಹೆಸರೇ ಬಂದಿದೆ. ದಂಡೆಯಿಂದ ದೂರ, ನೀರಿನ ನಡುವಣ ಬಂಡೆ ಅಥವಾ ದ್ವೀಪದ ಮೇಲೆ ನಿಲ್ಲುವಂಥವು ಎರಡನೆಯ ಬಗೆ. ಇವುಗಳ ನಿರ್ಮಾಣ ಕಷ್ಟ, ನಿರ್ವಹಣೆ ಅದಕ್ಕಿಂತ ಕಷ್ಟ. ಕಲ್ಲು, ಸುಣ್ಣ, ಎಣ್ಣೆ, ಅಕ್ಕಿ, ಕುಡಿಯುವ ನೀರು ಎಲ್ಲವೂ ದೋಣಿಯಲ್ಲಿಯೇ ಬರಬೇಕು. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಾಚೆ ಉಬ್ಬರದಲ್ಲಿ ಮುಳುಗಿಹೋಗುವ ಬಂಡೆಯ ಮೇಲೆ 1811ರಲ್ಲಿ ಬೆಳಗಿದ ಬೆಲ್ ರಾಕ್ ದೀಪಗೃಹ ಈ ಬಗೆಯ ನಿರ್ಮಾಣಗಳಿಗೆ ಮಾದರಿಯಾಯಿತು.

ಇಂಥ ದೀಪಗೃಹಗಳು ಸಮುದ್ರಕ್ಕೆ ಮಾತ್ರ ಸೀಮಿತವಲ್ಲ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿಯೂ ದಂಡೆ ಕಾಣದಷ್ಟು ದೂರದಲ್ಲಿ ದೀಪಗೃಹಗಳು ಎದ್ದವು. ಹ್ಯೂರನ್ ಸರೋವರದ ಸ್ಪೆಕ್ಟಕಲ್ ರೀಫ್ ದೀಪಗೃಹ 1874ರಲ್ಲಿ ಬೆಳಗಿತು. ಸುಪೀರಿಯರ್ ಸರೋವರದಲ್ಲಿ ಅತ್ಯಂತ ಸಮೀಪದ ನೆಲದಿಂದಲೂ ಸುಮಾರು 24 ಮೈಲಿ ದೂರವಿರುವ ಸ್ಟ್ಯಾನರ್ಡ್ ರಾಕ್ ದೀಪಗೃಹ 1882ರಲ್ಲಿ ಬೆಳಗಿತು. 1961ರಲ್ಲಿ ಅಲ್ಲಿ ಸಂಭವಿಸಿದ ಸ್ಫೋಟದಲ್ಲಿ ಒಬ್ಬ ಸಿಬ್ಬಂದಿ ಮಡಿದರು. ಮರುವರ್ಷ ಆ ದೀಪವನ್ನು ಸ್ವಯಂಚಾಲಿತಗೊಳಿಸಲಾಯಿತು. ಒಳನಾಡಿನ ಕಬ್ಬಿಣದ ಅದಿರು ಮತ್ತು ಧಾನ್ಯ ಸರೋವರಗಳ ಮೂಲಕ ಕಾರ್ಖಾನೆಯ ಊರುಗಳಿಗೆ ಸಾಗಬೇಕಾಗಿದ್ದುದರಿಂದ ಆ ದೀಪಗಳು ಹುಟ್ಟಿದವು. ನೀರಿನ ನಡುವಣ ದೀಪವನ್ನು ಅರಿಯಬೇಕಾದರೆ ಅದರ ಬೆನ್ನಿಗಿರುವ ಒಳನಾಡನ್ನು ನೋಡಬೇಕು ಎಂಬ ಮಾತಿಗೆ ಇದು ಒಳ್ಳೆಯ ನಿದರ್ಶನ. ದೇವಗಡಕ್ಕೂ ಈ ಮಾತು ಅನ್ವಯಿಸುತ್ತದೆ.

ತುಂಗಭದ್ರೆಯ ಸೀಮೆಯಲ್ಲಿ ನೀರು ದಾಟುವ ಪರಂಪರೆ ಬೇರೆ ರೀತಿಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಜನರು ಆನೆಗೊಂದಿಗೆ ಹೋಗಲು ಬುಟ್ಟಿಯಂತೆ ದುಂಡಾದ, ಒಳಗೆ ಬೆತ್ತ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಬಳಸುತ್ತಿದ್ದುದನ್ನು ವರ್ಣಿಸಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದುವೆಂದೂ ಸುತ್ತುತ್ತಲೇ ಸಾಗುತ್ತಿದ್ದುವೆಂದೂ ಆತ ಗುರುತಿಸಿದ್ದಾನೆ. ಅದೇ ಹರಿಗೋಲು. ಇದಿರು ದಂಡೆ ಕಣ್ಣಿಗೆ ಕಾಣುವ ದೂರದಲ್ಲಿಯೇ ಹುಟ್ಟು ಹಾಕುವ ಈ ಸೀಮೆಯಲ್ಲಿ ದೂರದಿಂದ ದಾರಿ ತೋರುವ ಬೆಳಕಿನ ಅಗತ್ಯ ಬೀಳಲಿಲ್ಲ. ಇಲ್ಲಿ ಎತ್ತರದ ದೀಪವೆಂದರೆ ಗುಡಿಯ ಮುಂದಿನ ದೀಪಮಾಲೆ ಕಂಬ. ಕಾರ್ತಿಕದಲ್ಲಿ ಅದು ಬೆಳಗುವುದು ದೇವರ ಸೇವೆಗಾಗಿ. ದೀಪವನ್ನು ದೇವರ ಎದುರಿನ ಸೇವೆಯೆಂದು ಕಂಡ ಸಮಾಜವೊಂದು ತೆರಿಗೆಯಿಂದ, ಯಂತ್ರದಿಂದ, ಸಂಬಳದ ಕಾವಲಿನಿಂದ ನಡೆಯುವ ದೀಪವನ್ನು ಎದುರುಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅದೂ ಕರಾವಳಿಯ ಮೂಲಕ.

ಕಾರವಾರದ ಕೊಲ್ಲಿ ಮತ್ತು ದ್ವೀಪಗಳು

ಕಾಳಿ ನದಿ ಸಮುದ್ರ ಸೇರುವಲ್ಲಿ ಉತ್ತರಕ್ಕೆ ಸದಾಶಿವಗಡದ ಗುಡ್ಡ, ದಕ್ಷಿಣಕ್ಕೆ ಕಾರವಾರದ ಕೊಲ್ಲಿ ಇವೆ. ಕೊಲ್ಲಿಯ ದಕ್ಷಿಣ ಮಗ್ಗುಲಿನಲ್ಲಿ ಕಡಲಿಗೆ ಚಾಚಿದ ಗುಡ್ಡದ ಮರೆಯಲ್ಲಿ ಬೈತಖೋಲ್ ಎಂಬ ಆಶ್ರಯತಾಣವಿದೆ. ನೈಋತ್ಯದ ಗಾಳಿಗೆ ಗುಡ್ಡ ಅಡ್ಡ ಬರುವುದರಿಂದ ಹಡಗು ನಿಲ್ಲಲು ಈ ಕೊಲ್ಲಿ ಯೋಗ್ಯವೆಂದು ಹಿಂದಿನಿಂದಲೂ ಹೆಸರಾಗಿತ್ತು. ನದಿಯ ಮುಖದ ಎದುರಿಗೆ ಕೂರ್ಮಗಡ, ಕೊಲ್ಲಿಯ ಹೊರಗೆ ದೇವಗಡ ಮತ್ತು ಅದರ ಸುತ್ತಲಿನ ಬಂಡೆಗಳು, ದಕ್ಷಿಣಕ್ಕೆ ಅಂಜದೀವ್ ದ್ವೀಪ ಇವೆ. ದೇವಗಡ ಮತ್ತು ಅದರ ಸುತ್ತಲಿನ ಬಂಡೆಗಳ ಗುಂಪನ್ನು ಆಂಗ್ಲರು ‘ಆಯ್‌ಸ್ಟರ್ ರಾಕ್ಸ್’, ಅಂದರೆ ಸಿಂಪಿಯ ಬಂಡೆಗಳು ಎಂದು ಕರೆದರು. ನಾವಿಕರ ನಕಾಶೆಗಳಲ್ಲಿ ಈ ಹೆಸರೇ ನೆಲೆನಿಂತಿತು. ದಂಡೆಯ ಜನರ ಬಾಯಲ್ಲಿ ದೇವಗಡ ಎಂಬ ಹೆಸರೇ ಉಳಿಯಿತು. ಒಂದೇ ನೆಲಕ್ಕೆ ಇರುವ ಈ ಎರಡು ಹೆಸರುಗಳು ಎರಡು ಬಗೆಯ ತಿಳಿವಳಿಕೆಗಳನ್ನು ಸೂಚಿಸುತ್ತವೆ. ಹಡಗಿನಿಂದ ನೋಡುವವನಿಗೆ ಅದು ತಪ್ಪಿಸಿಕೊಳ್ಳಬೇಕಾದ ಬಂಡೆ. ದಂಡೆಯಿಂದ ನೋಡುವವನಿಗೆ ದೇವರ ಹೆಸರಿನ ಗಡ.

ಈ ಕೊಲ್ಲಿಗಾಗಿ ನಡೆದ ಪೈಪೋಟಿ ದೀರ್ಘವಾದುದು. ಅಂಜದೀವ್ ದ್ವೀಪದಲ್ಲಿ ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿದರು. 1638ರಲ್ಲಿ ಆಂಗ್ಲ ವರ್ತಕರು ಕಾರವಾರದಲ್ಲಿ ಕೋಠಿ ತೆರೆದರು. 1665ರಲ್ಲಿ ಶಿವಾಜಿಯ ದಂಡು ಇಲ್ಲಿಗೆ ಬಂದಿತು. ಸೋದೆಯ ಅರಸರು ನದೀಮುಖವನ್ನು ಕಾಯಲು ಸದಾಶಿವಗಡದ ಕೋಟೆ ಕಟ್ಟಿಸಿದರು. ಈ ಎಲ್ಲ ಕಾಲಘಟ್ಟಗಳಲ್ಲಿ ಕೊಲ್ಲಿಯನ್ನು ಹಿಡಿದಿಟ್ಟುಕೊಳ್ಳಲು ಕೋಟೆಗಳು ಎದ್ದವು. ಬಂದವರಿಗೆಲ್ಲ ದಾರಿ ತೋರುವ ದೊಡ್ಡ ದೀಪಗೃಹದ ಕಾಲ ಬಂದದ್ದು ಬ್ರಿಟಿಷರ ಆಡಳಿತದಲ್ಲಿ, ಕೊಲ್ಲಿಯ ಮೇಲಿನ ಒಡೆತನಕ್ಕೆ ಎದುರಾಳಿಗಳಿಲ್ಲದ ಮೇಲೆ.

ಹತ್ತಿಯ ಹಾದಿ

ದೇವಗಡದ ದೀಪಕ್ಕೆ ಹಿನ್ನೆಲೆಯಾದ ಸನ್ನಿವೇಶ ಸ್ಪಷ್ಟವಾಗಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ 1865ರವರೆಗೆ ನಡೆಯಿತು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ತಮಗೆ ಬೇಕಾದ ಹತ್ತಿಯ ಬಹುಪಾಲನ್ನು ಅಮೆರಿಕದಿಂದಲೇ ತರಿಸುತ್ತಿದ್ದವು. ಆ ಪೂರೈಕೆ ನಿಂತಾಗ ಗಿರಣಿ ಮಾಲೀಕರ ದೃಷ್ಟಿ ಭಾರತದ ಕಡೆಗೆ, ವಿಶೇಷವಾಗಿ ಧಾರವಾಡದ ಕಡೆಗೆ ತಿರುಗಿತು. 1840ರ ದಶಕದಿಂದಲೇ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ತಳಿಯ ಹತ್ತಿಯನ್ನು ಬೆಳೆಸುವ ಪ್ರಯತ್ನ ನಡೆದಿತ್ತು. ಹುಬ್ಬಳ್ಳಿ, ಗದಗ ಭಾಗದಲ್ಲಿ ಅದು ನೆಲೆಯೂರಿತ್ತು. ನಾಡತಳಿಯ ಹತ್ತಿಗೆ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರಿತ್ತು. ಬಯಲಿನಲ್ಲಿ ಬೆಳೆದ ಹತ್ತಿಗೆ ಅದು ಹಡಗು ಹತ್ತುವ ಬಂದರಿನ ಹೆಸರು ಬಂದಿತ್ತು ಎಂಬುದು ಗಮನಾರ್ಹ.

ಹತ್ತಿಯ ಎರೆಭೂಮಿ ಕಂಪನಿ ಸರಕಾರದ ಗಡಿಗಳಿಗೆ ಹೊಂದಿಕೊಂಡು ಹರಡಿರಲಿಲ್ಲ. ಗದಗಿನಿಂದ ಪೂರ್ವಕ್ಕೆ ಯಲಬುರ್ಗಾ, ಕುಷ್ಟಗಿ, ಕೊಪ್ಪಳಗಳವರೆಗೆ ಅದೇ ಕಪ್ಪುಮಣ್ಣು ಮುಂದುವರಿಯುತ್ತದೆ. ರಾಯಚೂರು ದೋಅಬನ್ನು 1853ರ ಒಪ್ಪಂದದಂತೆ ನಿಜಾಮನಿಂದ ಬ್ರಿಟಿಷರು ತಮ್ಮ ಆಡಳಿತಕ್ಕೆ ಪಡೆದು 1860ರಲ್ಲಿ ಹಿಂದಿರುಗಿಸಿದರು. ರಾಜಕೀಯ ಗಡಿ ಹೀಗೆ ಬದಲಾಗುತ್ತಿದ್ದರೂ ಹತ್ತಿ, ಜೋಳ, ಉಪ್ಪುಗಳ ಓಡಾಟ ನಡೆದೇ ಇತ್ತು. ಹೇರು ಎತ್ತುಗಳ ಹಿಂಡಿನೊಡನೆ ಸಾಗುತ್ತಿದ್ದ ಲಂಬಾಣಿಗಳು ಘಟ್ಟದ ಮೇಲಿನ ಧಾನ್ಯ ಮತ್ತು ಹತ್ತಿಯನ್ನು ಕೆಳಗಿಳಿಸಿ, ಮರಳುವಾಗ ಸಾಣಿಕಟ್ಟಾ ಮೊದಲಾದ ಕಡೆಗಳ ಉಪ್ಪನ್ನು ಮೇಲೆ ತರುತ್ತಿದ್ದ ಪರಂಪರೆ ಇದ್ದಿತು. ಬಯಲುಸೀಮೆಯ ರೊಟ್ಟಿಗೆ ಬಿದ್ದ ಉಪ್ಪಿನ ದಾರಿಯೂ ಲ್ಯಾಂಕಶೈರಿಗೆ ಹೋದ ಹತ್ತಿಯ ದಾರಿಯೂ ಹೀಗೆ ಘಟ್ಟದಲ್ಲಿ ಕೂಡಿಕೊಂಡಿದ್ದವು.

ಕುಮಟಾ ತೆರೆದ ಕಡಲಿನ ಬಂದರು. ದೊಡ್ಡ ಹಡಗು ಅಲ್ಲಿ ದೂರದಲ್ಲಿ ನಿಲ್ಲಬೇಕಾಗಿತ್ತು. ಹತ್ತಿ ಮುಂಬಯಿಗೆ ಹೋಗಿ, ಅಲ್ಲಿ ಮತ್ತೆ ಇಳಿದು, ಮತ್ತೆ ಏರಬೇಕಾಗಿತ್ತು. ದಾರಿಯಲ್ಲಿ ಕಲಬೆರಕೆಯಾಗುತ್ತದೆಂಬ ದೂರು ಮ್ಯಾಂಚೆಸ್ಟರಿನಲ್ಲಿ ಜೋರಾಗಿತ್ತು. ಕಾರವಾರದ ಕೊಲ್ಲಿಯಿಂದ ನೇರವಾಗಿ ಇಂಗ್ಲೆಂಡಿಗೆ ಹತ್ತಿ ಸಾಗಿಸಬೇಕೆಂಬ ಒತ್ತಾಯ ಈ ಹಿನ್ನೆಲೆಯಲ್ಲಿ ಬಲಗೊಂಡಿತು. ಮದರಾಸು ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಹತ್ತಿ ಬೆಳೆಯುವ ಧಾರವಾಡ ಮತ್ತು ಹತ್ತಿ ಹಡಗೇರಬೇಕಾದ ಕಾರವಾರ ಒಂದೇ ಆಡಳಿತದಲ್ಲಿರಬೇಕೆಂಬ ವಾದ ಈ ವರ್ಗಾವಣೆಯ ಹಿಂದೆ ಪ್ರಬಲವಾಗಿತ್ತು. ಜಿಲ್ಲಾ ಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಬಂದಿತು. ಇಂದಿನ ಕನ್ನಡ ನಾಡಿನ ಭೂಪಟದಲ್ಲಿ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡಗಳು ಬೇರೆಬೇರೆ ಆಡಳಿತ ಪರಂಪರೆಗಳ ಗುರುತು ಹೊತ್ತಿರುವುದಕ್ಕೆ ಹತ್ತಿಯೂ ಒಂದು ಕಾರಣವೆನ್ನಬೇಕು.

ಮ್ಯಾಂಚೆಸ್ಟರ್ ಕಾಟನ್ ಕಂಪನಿಯ ಪ್ರತಿನಿಧಿಗಳು ಇದೇ ಸಮಯದಲ್ಲಿ ಹತ್ತಿ ಒತ್ತುವ ಯಂತ್ರಗಳೊಂದಿಗೆ ಸದಾಶಿವಗಡಕ್ಕೆ ಬಂದಿಳಿದರು. ಒಳನಾಡಿಗೆ ಬಂಡಿ ಹೋಗುವಂಥ ರಸ್ತೆ ಇನ್ನೂ ಸಿದ್ಧವಾಗಿರಲಿಲ್ಲ. ಯಂತ್ರವಿದ್ದರೂ ಹತ್ತಿ ಬರಲು ಹಾದಿಯಿಲ್ಲದ ಸ್ಥಿತಿ ಉಂಟಾಯಿತು. ಸರಕಾರ ರಸ್ತೆ ಮಾಡಿಕೊಡಲಿಲ್ಲವೆಂದು ಕಂಪನಿ, ಕಂಪನಿ ಅವಸರ ಮಾಡಿತೆಂದು ಅಧಿಕಾರಿಗಳು ವಾದಿಸಿದರು. ಮುಂದೆ ಕೈಗಾ ಮತ್ತು ಅರಬೈಲು ಘಟ್ಟದ ರಸ್ತೆಗಳು ಬಂದವಾದರೂ ಕಂಪನಿಯ ಸಾಹಸ ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು.

1864ರ ದೀಪ

ಮೇಲ್ಕಂಡ ಸಿದ್ಧತೆಗಳ ಸಾಲಿನಲ್ಲಿಯೇ ದೇವಗಡದ ದೀಪಗೃಹ ಬರುತ್ತದೆ. ಬಂದರು ಎಷ್ಟೇ ಆಶ್ರಯದಾಯಕವಾಗಿದ್ದರೂ ಅದರ ಬಾಯಲ್ಲಿಯೇ ಬಂಡೆಗಳ ಗುಂಪು ಇದ್ದುದರಿಂದ ರಾತ್ರಿ ಹೊತ್ತು ಹಡಗು ಸಮೀಪಿಸುವುದು ಅಪಾಯಕರವಾಗಿತ್ತು. ಆ ಅಪಾಯದ ನೆತ್ತಿಯ ಮೇಲೆಯೇ ದೀಪವನ್ನು ಇಡುವುದು ಸಹಜ ಪರಿಹಾರ. ದ್ವೀಪದ ಎತ್ತರವೂ ಇದಕ್ಕೆ ಅನುಕೂಲವಾಗಿತ್ತು. ಬಿಳಿಯ ಗೋಪುರದ ಮೇಲಿನ ಬೆಳಕು ಸಮುದ್ರಮಟ್ಟದಿಂದ ಸುಮಾರು 200 ಅಡಿ ಎತ್ತರದಲ್ಲಿದ್ದು, ಸುಮಾರು 20 ಮೈಲಿ ದೂರದವರೆಗೆ ಕಾಣುತ್ತಿತ್ತು. ಭೂಮಿಯ ಮೇಲ್ಮೈ ಬಾಗಿರುವುದರಿಂದ ಬೆಳಕು ಎಷ್ಟೇ ಪ್ರಖರವಾಗಿದ್ದರೂ ತಗ್ಗಿನಲ್ಲಿದ್ದರೆ ಅದು ದೂರಕ್ಕೆ ಕಾಣದು. ದೀಪಗೃಹದಲ್ಲಿ ಎತ್ತರಕ್ಕೆ ಇಷ್ಟು ಮಹತ್ವ ಬರುವುದು ಈ ಕಾರಣದಿಂದ. ದೇವಗಡದಲ್ಲಿ ಪ್ರಕೃತಿಯೇ ಆ ಎತ್ತರದ ಬಹುಪಾಲನ್ನು ಒದಗಿಸಿತ್ತು.

ಬೆಳಕಿನ ತಂತ್ರವನ್ನು ಸಂಕ್ಷೇಪವಾಗಿ ಗಮನಿಸಬಹುದು. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ರೂಪಿಸಿದ, ಬಳೆಬಳೆಯಾಗಿ ಜೋಡಿಸಿದ ಗಾಜಿನ ಮಸೂರವು ಎಲ್ಲ ದಿಕ್ಕಿಗೂ ಚೆದರುವ ಬೆಳಕನ್ನು ಕಡಲಿನ ಕಡೆಗೆ ಒಂದು ಪಟ್ಟಿಯಾಗಿ ಒಗ್ಗೂಡಿಸಿ ಕಳಿಸುತ್ತದೆ. ಸಣ್ಣ ಜ್ವಾಲೆಯೂ ಹಲವು ಮೈಲಿ ಕಾಣುವುದು ಇದರಿಂದ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಭಾರತದ ದೀಪಗೃಹಗಳಲ್ಲಿ ಕೊಬ್ಬರಿ ಎಣ್ಣೆಯ ಬಳಕೆ ಇತ್ತು. ಆಮೇಲೆ ಸೀಮೆಎಣ್ಣೆ, ಅದರ ಆವಿಯನ್ನು ಉರಿಸುವ ಬರ್ನರು, ಅಸಿಟಿಲಿನ್ ಅನಿಲ, ವಿದ್ಯುತ್ತು, ಕೊನೆಗೆ ಸೌರಶಕ್ತಿ ಎಂಬ ಕ್ರಮದಲ್ಲಿ ಜಗತ್ತಿನ ದೀಪಗೃಹಗಳು ಬದಲಾದವು. ಹಗಲಾದಾಗ ತಾನಾಗಿ ಆರಿ, ಕತ್ತಲಾದಾಗ ತಾನಾಗಿ ಹೊತ್ತುವ ಕವಾಟವನ್ನು ರೂಪಿಸಿದ ಸ್ವೀಡನ್ನಿನ ಗುಸ್ತಾಫ್ ದಲೆನ್ 1912ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆ ಕವಾಟ ದೀಪಗೃಹದ ಚರಿತ್ರೆಯಲ್ಲಿ ಮನುಷ್ಯನ ಪಾತ್ರ ಕಡಿಮೆಯಾಗುತ್ತ ಹೋದುದರ ಆರಂಭವೂ ಹೌದು.

ದೀಪ ಕಾದವರು

ದೀಪಗೃಹದ ಬಗ್ಗೆ ಸರಕಾರಿ ಬರಹಗಳಲ್ಲಿ ಎತ್ತರ, ಬಣ್ಣ, ಬೆಳಕಿನ ಬಗೆ, ಕಾಣುವ ದೂರ ಇವು ಕ್ರಮವಾಗಿ ದಾಖಲಾಗುತ್ತವೆ. ದೀಪಕ್ಕೆ ಎಣ್ಣೆ ಹಾಕಿದವನ ಹೆಸರಿಗೆ ಅಲ್ಲಿ ಕಾಲಂ ಇಲ್ಲ. ಎಣ್ಣೆಯ ದೀಪದ ಕಾಲದಲ್ಲಿ ರಾತ್ರಿಯಿಡೀ ಎಚ್ಚರವಿರುವುದು, ಬತ್ತಿ ಕತ್ತರಿಸುವುದು, ಮಸಿ ಹಿಡಿದ ಗಾಜು ಒರೆಸುವುದು, ಬೆಳಗಾದ ಮೇಲೆ ಬಿಸಿಲು ಮಸೂರಕ್ಕೆ ಬೀಳದಂತೆ ಪರದೆ ಎಳೆಯುವುದು ಕಾವಲುಗಾರರ ನಿತ್ಯದ ಕೆಲಸಗಳಾಗಿದ್ದವು. ಮಸೂರವು ಬೆಳಕನ್ನು ಹೊರಗೆ ಕಳಿಸುವಂತೆಯೇ ಹಗಲಿನ ಸೂರ್ಯನನ್ನು ಒಳಗೆ ಒಗ್ಗೂಡಿಸಿ ಬೆಂಕಿ ಹೊತ್ತಿಸಬಲ್ಲದು. ದೀಪ ತಿರುಗುವಂಥದ್ದಾದರೆ ಭಾರ ಇಳಿದು ಚಲಿಸುವ ಗಡಿಯಾರದ ಯಂತ್ರಕ್ಕೆ ಗಂಟೆಗಂಟೆಗೆ ಕೀಲಿ ಕೊಡಬೇಕು.

ದ್ವೀಪದ ದೀಪಗೃಹದಲ್ಲಿ ಇದಕ್ಕೆ ಮಳೆಗಾಲದ ಕಷ್ಟ ಸೇರುತ್ತದೆ. ಜೂನಿನಿಂದ ಆಗಸ್ಟಿನವರೆಗೆ ಕಡಲು ಕೆರಳಿದಾಗ ಸಣ್ಣ ದೋಣಿ ಬಂಡೆಗೆ ತಾಗುವಂತಿಲ್ಲ. ಅಕ್ಕಿ, ಸೌದೆ, ಔಷಧಿ ಎಲ್ಲವನ್ನೂ ಮೊದಲೇ ಕೂಡಿಡಬೇಕು. ದಂಡೆಯ ಊರಿನ ದೀಪಗಳು ಕಣ್ಣೆದುರಿಗೇ ಕಾಣುತ್ತಿದ್ದರೂ ಅಲ್ಲಿಗೆ ಹೋಗಲಾಗದ ಏಕಾಂತ ಅದು. ದೀಪ ಕಾಯುವವರ ಜೊತೆಗೆ ಅವರಿಗೆ ಸಾಮಾನು ಮುಟ್ಟಿಸುವ ದೋಣಿಯವರು, ಗೋಪುರಕ್ಕೆ ಕಲ್ಲು ಒಡೆದವರು, ಸುಣ್ಣ ಬಳಿದವರು ಎಲ್ಲರೂ ಈ ಚರಿತ್ರೆಯ ಪಾಲುದಾರರು. ಕರಾವಳಿಯಲ್ಲಿ ಸುಣ್ಣವೆಂದರೆ ಚಿಪ್ಪು ಸುಟ್ಟು ಮಾಡಿದ್ದು. ಆ ಕಸುಬು, ಅದರ ಮಾತು, ಅದರ ಅಳತೆಗಳು ಜಾನಪದ ಸಂಗ್ರಹಕ್ಕೆ ಒದಗಬೇಕಾದ ಸಾಮಗ್ರಿ.

ಆಡಳಿತದ ದೃಷ್ಟಿಯಿಂದ ಒಂದು ಬದಲಾವಣೆ ಇಲ್ಲಿ ಪ್ರಸ್ತುತ. 1927ರ ದೀಪಗೃಹ ಕಾಯಿದೆಯ ಪ್ರಕಾರ ಪ್ರಾಂತ ಸರಕಾರಗಳ ಮತ್ತು ಬಂದರು ಆಡಳಿತಗಳ ಕೈಯಲ್ಲಿದ್ದ ಸಾಮಾನ್ಯ ಸಂಚಾರದ ದೀಪಗಳು 1929ರಿಂದ ಕೇಂದ್ರದ ನಿರ್ವಹಣೆಗೆ ಬಂದವು. ಹಡಗುಗಳಿಂದ ವಸೂಲು ಮಾಡುವ ದೀಪ ಸುಂಕದಿಂದ ಇವುಗಳ ವೆಚ್ಚ ನಡೆಯಿತು. 2021ರಲ್ಲಿ ಹೊಸ ಕಾಯಿದೆ ಬಂದು ಹಳೆಯದು ರದ್ದಾಯಿತು. ಸುಂಕ ಕೊಡುವುದು ದೊಡ್ಡ ಹಡಗು. ಪಾತಿ ದೋಣಿಯಲ್ಲಿ ಬಲೆ ಹಾಕುವವನು ಸುಂಕ ಕೊಡದೆಯೇ ಆ ಬೆಳಕನ್ನು ಬಳಸುತ್ತಾನೆ. ಹೀಗೆ ಕಾನೂನಿನ ಪುಸ್ತಕದಲ್ಲಿ ಲೆಕ್ಕಕ್ಕೆ ಬಾರದ ಬಳಕೆದಾರನೇ ಕಾಲಕ್ರಮದಲ್ಲಿ ದೀಪದ ಮುಖ್ಯ ಬಳಕೆದಾರರಲ್ಲಿ ಒಬ್ಬನಾದ.

ರೈಲು ಬೇರೆ ದಾರಿ ಹಿಡಿದಾಗ

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯ ವ್ಯಾಪಾರ ಸಂಸ್ಥೆಗಳು ದಿವಾಳಿಯಾದವು. ಕಾರವಾರಕ್ಕೆ ಉಳಿದಿದ್ದ ಆಸೆಯೆಂದರೆ ಹುಬ್ಬಳ್ಳಿಯಿಂದ ಕೊಲ್ಲಿಗೆ ರೈಲು. ಈ ಬಗ್ಗೆ ವರ್ಷಗಟ್ಟಲೆ ಅಳತೆ, ವರದಿ, ಮನವಿಗಳು ನಡೆದವು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದ ಈ ಆಸೆಗೆ ಅಡ್ಡ ಬಂದಿತು. ಗೋವೆಯ ಮರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್ ಮೂಲಕ ಘಟ್ಟ ಏರುವ ರೈಲು ಮಾರ್ಗ 1880ರ ದಶಕದ ಕೊನೆಯಲ್ಲಿ ತೆರೆಯಿತು. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಗದಗುಗಳನ್ನು ಮುಟ್ಟಿ, ಕೊಪ್ಪಳ, ಹೊಸಪೇಟೆಗಳ ಮೂಲಕ ಬಳ್ಳಾರಿಯ ಕಡೆಗೆ ಕೂಡಿಕೊಂಡಿತು. ಬಯಲುಸೀಮೆಯ ಹತ್ತಿ ಬಂಡಿಯಿಂದ ಇಳಿದು ರೈಲು ಹತ್ತಿತು. ಘಟ್ಟದ ರಸ್ತೆಗಳು ಬಡವಾದವು. ಕುಮಟಾ, ಕಾರವಾರಗಳ ವ್ಯಾಪಾರ ಕುಗ್ಗಿತು.

1883ರಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಠಾಕೂರರು ಕಂಡದ್ದು ಗದ್ದಲವಿಲ್ಲದ ಕೊಲ್ಲಿಯನ್ನು, ಮರಳ ದಂಡೆಯನ್ನು, ಕಾಳಿ ನದಿಯನ್ನು. ಕವಿಗೆ ಹಿತವೆನಿಸಿದ ಆ ಮೌನದ ಹಿಂದೆ ಬಾರದೆ ಹೋದ ಹತ್ತಿಯ ಹಡಗುಗಳ ಚರಿತ್ರೆಯಿತ್ತು. ದೀಪ ಮಾತ್ರ ಉರಿಯುತ್ತಲೇ ಇತ್ತು. ಒಂದು ವ್ಯಾಪಾರಕ್ಕಾಗಿ ಹೊತ್ತಿಸಿದ ದೀಪವನ್ನು ಆ ವ್ಯಾಪಾರ ಹೋಯಿತೆಂದು ಆರಿಸಲಾಗದು. ಬೆಳಕನ್ನು ನಂಬಿ ಬರುವ ಹಡಗು ಒಂದೇ ಇದ್ದರೂ ಅದು ಇರಲೇಬೇಕಾಗುತ್ತದೆ.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಒಳನಾಡಿನ ಸರಕು ಮತ್ತೊಮ್ಮೆ ಇದೇ ಕರಾವಳಿಗೆ ಇಳಿಯಿತು. ಬಳ್ಳಾರಿ, ಹೊಸಪೇಟೆ ಭಾಗದ ಕಬ್ಬಿಣದ ಅದಿರು ಲಾರಿಗಳಲ್ಲಿ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಅರಬೈಲು ಘಟ್ಟದ ಮೂಲಕ ಕಾರವಾರ, ಬೇಲೆಕೇರಿ ಬಂದರುಗಳಿಗೆ ಹೋಯಿತು. 2010ರ ಜುಲೈ ತಿಂಗಳಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ನಿಷೇಧಿಸಿದಾಗ ಆ ಓಡಾಟವೂ ನಿಂತಿತು. ಹತ್ತಿಯ ಹಾದಿ ಮತ್ತು ಅದಿರಿನ ಹಾದಿ ಎರಡರಲ್ಲೂ ಒಳನಾಡಿನ ಮಣ್ಣಿನ ಸತ್ವ ಹೊರದೇಶಕ್ಕೆ ಹೋಯಿತು, ದಾರಿಯ ಊರುಗಳಿಗೆ ದೂಳು ಉಳಿಯಿತು.

ಮೀನುಗಾರರ ಬೆಳಕು

ಖಾರ್ವಿ, ಗಾಬಿತ, ಹರಿಕಂತ್ರ, ಅಂಬಿಗ ಮೊದಲಾದ ಸಮುದಾಯಗಳ ಕಡಲ ತಿಳಿವಳಿಕೆ ದೀಪಗೃಹಕ್ಕಿಂತ ಬಹಳ ಹಳೆಯದು. ನಕ್ಷತ್ರ, ಗಾಳಿಯ ದಿಕ್ಕು, ನೀರಿನ ಬಣ್ಣ ಇವುಗಳಿಂದ ದಿಕ್ಕು ತಿಳಿಯುವುದು, ದಂಡೆಯ ಎರಡು ಗುರುತುಗಳನ್ನು ಒಂದೇ ಗೆರೆಗೆ ತಂದು ಮೀನಿನ ಜಾಗ ಗೊತ್ತುಮಾಡುವುದು ಕರಾವಳಿಯ ಮೀನುಗಾರರ ವಿದ್ಯೆ. ಗುಡ್ಡ, ಗುಡಿಯ ಶಿಖರ, ಎತ್ತರದ ಮರಗಳು ಗುರುತಾಗಿದ್ದ ಈ ವಿದ್ಯೆಗೆ ಬಿಳಿಯ ಗೋಪುರವೂ ಒಂದು ಗುರುತಾಗಿ ಒದಗಿತು. ಹೊಸ ತಂತ್ರ ಬಂದಾಗ ಹಳೆಯ ತಿಳಿವಳಿಕೆ ಅಳಿಯುತ್ತದೆಂಬ ಸಾಮಾನ್ಯ ಗ್ರಹಿಕೆ ಇಲ್ಲಿ ಪೂರ್ತಿಯಾಗಿ ಒಪ್ಪುವುದಿಲ್ಲ. ಹಳೆಯ ತಿಳಿವಳಿಕೆ ಹೊಸದನ್ನು ತನ್ನೊಳಗೆ ಸೇರಿಸಿಕೊಂಡಿತು.

ಕಡಲಿನೊಡನೆ ಈ ಜನರ ಸಂಬಂಧ ಆಚರಣೆಗಳಲ್ಲಿ ಕಾಣುತ್ತದೆ. ಮಳೆಗಾಲದ ಉಗ್ರತೆ ತಗ್ಗುವ ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮೀನುಗಾರಿಕೆಗೆ ಅಪ್ಪಣೆ ಕೇಳುವ ಪದ್ಧತಿಯಿದೆ. ಪುಷ್ಯ ಮಾಸದ ಹುಣ್ಣಿಮೆಗೆ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ ನಡೆಯುತ್ತದೆ. ಆ ದಿನ ದೋಣಿಗಳಲ್ಲಿ ಜನ ದ್ವೀಪಕ್ಕೆ ಹೋಗಿ ಹರಕೆ ಒಪ್ಪಿಸುತ್ತಾರೆ. ಒಂದು ದ್ವೀಪದಲ್ಲಿ ಸರಕಾರದ ದೀಪ, ಇನ್ನೊಂದರಲ್ಲಿ ಜನರ ದೇವರು: ಕೊಲ್ಲಿಯ ಎರಡು ಕಾವಲುಗಳು ಇವು. 2019ರ ಜನವರಿ 21ರಂದು ಈ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಮಡಿದರು. ಸತ್ತವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದ ಯಾತ್ರಿಕರೂ ಇದ್ದರು. ಹಾಡಹಗಲಿನಲ್ಲಿ, ದೀಪಗೃಹದ ಸಮೀಪದಲ್ಲಿಯೇ ನಡೆದ ಈ ದುರಂತ ಒಂದು ಕಟು ಸತ್ಯವನ್ನು ನೆನಪಿಸಿತು. ಹಡಗಿಗೆ ದಾರಿ ತೋರುವ ವ್ಯವಸ್ಥೆ ಒಂದೂವರೆ ಶತಮಾನದಷ್ಟು ಹಳೆಯದಾಗಿದ್ದರೂ ಜಾತ್ರೆಗೆ ಹೋಗುವ ಸಾಮಾನ್ಯ ಮನುಷ್ಯನ ಜೀವಕ್ಕೆ ಭದ್ರತೆ ಒದಗಿಸುವ ವ್ಯವಸ್ಥೆ ಬೆಳೆದಿರಲಿಲ್ಲ.

ಮೀನುಗಾರಿಕೆಯ ಒಳಗೂ ದೊಡ್ಡ ಬದಲಾವಣೆಗಳಾದವು. ಹತ್ತಾರು ಕುಟುಂಬಗಳು ಕೂಡಿ ದಂಡೆಗೆ ಎಳೆಯುತ್ತಿದ್ದ ರಾಂಪಣಿ ಬಲೆ ಕರಾವಳಿಯ ಸಾಮುದಾಯಿಕ ದುಡಿಮೆಯ ಪ್ರತೀಕವಾಗಿತ್ತು. 1963ರಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಕಾರವಾರಕ್ಕೆ ವಿಸ್ತರಿಸಿತು. ಯಾಂತ್ರೀಕೃತ ದೋಣಿಗಳು ಹೆಚ್ಚಿದಂತೆ, 1970ರ ದಶಕದ ನಂತರ ರಾಂಪಣಿ ಹಿಂದೆ ಸರಿಯಿತು. ಬಲೆ ಎಳೆಯುವಾಗಿನ ಹಾಡು, ಕೂಗು, ಪಾಲು ಹಂಚುವ ನ್ಯಾಯ ಇವೂ ಅದರೊಂದಿಗೆ ಕ್ಷೀಣಿಸಿದವು.

ನೌಕಾನೆಲೆ ಮತ್ತು ಜಲಾಶಯ

1986ರಲ್ಲಿ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಂಡೆಗಳನ್ನು ಬಿಟ್ಟುಕೊಟ್ಟವು. ಹಿಂದೆ ಬಲೆ ಒಣಗಿಸುತ್ತಿದ್ದ ದಂಡೆಗಳು ನಿಷಿದ್ಧ ಪ್ರದೇಶಗಳಾದವು.

ಈ ಅನುಭವ ತುಂಗಭದ್ರೆಯ ಸೀಮೆಗೆ ಅಪರಿಚಿತವಲ್ಲ. 1945ರ ಫೆಬ್ರವರಿ 28ರಂದು ಹೈದರಾಬಾದು ಮತ್ತು ಮದರಾಸು ಸರಕಾರಗಳು ಅಡಿಗಲ್ಲಿಟ್ಟ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಸುಮಾರು 90 ಹಳ್ಳಿಗಳು ಮುಳುಗಿದವು, 54,000ದಷ್ಟು ಜನ ನೆಲೆ ಕಳೆದುಕೊಂಡರು. ದಂಡೆಯಿಂದ ದಂಡೆ ಕಾಣದಂಥ ನೀರು ಬಯಲುಸೀಮೆಯ ನಡುವೆ ನಿಂತಿತು. ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿಯ ಭಾಗ ಭತ್ತದ ಸೀಮೆಯಾಯಿತು. ಶ್ರೀರಾಮನಗರದಂಥ ಊರುಗಳ ಸುತ್ತ ಇಂದು ಕಾಣುವ ಹಸಿರು ಈ ಬದಲಾವಣೆಯ ಫಲ. ಕಾಲುವೆ ಮುಟ್ಟದ ಯಲಬುರ್ಗಾ, ಕುಷ್ಟಗಿಗಳ ಎರೆ ಮತ್ತು ಮಸಾರಿ ಹೊಲಗಳು ಮಳೆಯನ್ನೇ ನಂಬಿ ಉಳಿದವು. ಸುಮಾರು 133 ಟಿಎಂಸಿ ಅಡಿ ಸಾಮರ್ಥ್ಯದೊಂದಿಗೆ ಆರಂಭವಾದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿ ಮಾತ್ರ ಹಿಡಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಣಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಯಂತ್ರದ ನಂಬಿಕೆಗೂ ದಿನನಿತ್ಯದ ಕಾವಲು, ಆರೈಕೆ ಬೇಕೆಂಬುದು ಇಡೀ ಸೀಮೆಗೆ ಮನವರಿಕೆಯಾಯಿತು.

ಈ ಹಿನ್ನೀರಿನಲ್ಲಿಯೂ ತೆಪ್ಪ, ಹರಿಗೋಲುಗಳಲ್ಲಿ ಮೀನು ಹಿಡಿಯುವ ಬದುಕಿದೆ. ಮುಳುಗಿದ ಊರುಗಳ ಹೆಸರು, ಗಡಿ, ದೇವರು, ಜಾತ್ರೆಗಳ ನೆನಪು ಎತ್ತಂಗಡಿಯಾದ ಕುಟುಂಬಗಳ ಹಿರಿಯರಲ್ಲಿ ಮಾತ್ರ ಇದೆ. ಕಾರವಾರದ ದಂಡೆ ಕಳೆದುಕೊಂಡವರ ನೆನಪಿಗೂ ಇದೇ ಸ್ಥಿತಿ. ದೇವಗಡದ ಚರಿತ್ರೆಯನ್ನೂ ಜಲಾಶಯದ ಚರಿತ್ರೆಯನ್ನೂ ಜೊತೆಯಾಗಿ ಓದಿದಾಗ, ದೊಡ್ಡ ನಿರ್ಮಾಣಗಳ ಲೆಕ್ಕ ಅಡಿ, ಮೈಲಿ, ಟಿಎಂಸಿಗಳಲ್ಲಿ ಉಳಿಯುತ್ತದೆ, ಅವುಗಳ ಬೆಲೆ ತೆತ್ತವರ ಲೆಕ್ಕ ಬಾಯಿಮಾತಿನಲ್ಲಿ ಉಳಿಯುತ್ತದೆ ಎಂಬ ಅಂಶ ಸ್ಪಷ್ಟವಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಹೊರಪಡುತ್ತವೆ. ದೇವಗಡದ ದೀಪಗೃಹ ಕರಾವಳಿಯ ನಿರ್ಮಾಣವಾದರೂ ಅದರ ಮೂಲಪ್ರೇರಣೆಯಲ್ಲಿ ಬಯಲುಸೀಮೆಯ ಹತ್ತಿಗೆ ದೊಡ್ಡ ಪಾಲಿದೆ. ಹತ್ತಿಯ ವ್ಯಾಪಾರ ಕೈಕೊಟ್ಟ ಮೇಲೂ ದೀಪ ಉಳಿದದ್ದರಿಂದ ಅದು ಮೀನುಗಾರರ, ನಾಡದೋಣಿಗಳ ಬೆಳಕಾಯಿತು. ಕಟ್ಟಿಸಿದವರ ಉದ್ದೇಶದಿಂದಲೇ ಒಂದು ಕಟ್ಟಡದ ಅರ್ಥ ಮುಗಿಯುವುದಿಲ್ಲ, ಬಳಸಿದವರ ಬದುಕಿನಲ್ಲಿ ಅದು ಬೇರೆ ಅರ್ಥ ಪಡೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಉಪಗ್ರಹ ಆಧಾರಿತ ದಿಕ್ಸೂಚಿ ಸಾಮಾನ್ಯ ಮೀನುಗಾರರ ದೋಣಿಗೂ ಬಂದಿರುವ ಈ ಕಾಲದಲ್ಲಿ ದೀಪಗೃಹಗಳು ಪ್ರವಾಸಿ ತಾಣಗಳಾಗಿ ಹೊಸ ರೂಪ ಪಡೆಯುತ್ತಿವೆ. ಗೋಪುರಕ್ಕೆ ಬಣ್ಣ ಬಳಿಯುವುದು ಸುಲಭ. ದೀಪ ಕಾದವರ, ಅವರಿಗೆ ಅಕ್ಕಿ ನೀರು ಮುಟ್ಟಿಸಿದವರ, ಬೆಳಕನ್ನು ಗುರುತಿಟ್ಟು ಬಲೆ ಹಾಕಿದವರ ಮಾತುಗಳನ್ನು ಸಂಗ್ರಹಿಸುವುದು ಅವಸರದ ಕೆಲಸ, ಏಕೆಂದರೆ ಎಣ್ಣೆಯ ದೀಪದ ಕಾಲವನ್ನು ಕೇಳಿಯಾದರೂ ಬಲ್ಲ ಹಿರಿಯರು ವಿರಳರಾಗುತ್ತಿದ್ದಾರೆ. ಹತ್ತಿಯ ಬಂಡಿ ಹೊಡೆದವರ, ಹೇರು ಎತ್ತಿನೊಡನೆ ಘಟ್ಟ ಇಳಿದ ಲಂಬಾಣಿಗಳ ಕಥನಗಳನ್ನು ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳಲ್ಲಿಯೂ, ಕಡಲಿನ ಕಥನಗಳನ್ನು ಕಾರವಾರ, ಅಂಕೋಲಾ, ಕುಮಟೆಗಳಲ್ಲಿಯೂ ಒಂದೇ ಯೋಜನೆಯಡಿ ಕೂಡಿಸಿ ನೋಡಬೇಕಾಗಿದೆ. ಕನ್ನಡ, ಕೊಂಕಣಿ, ಲಂಬಾಣಿ, ಉರ್ದು ಭಾಷೆಗಳಲ್ಲಿ ಹರಡಿರುವ ಈ ಸಾಮಗ್ರಿಯನ್ನು ಒಂದೆಡೆ ತಂದಾಗ ಮಾತ್ರ ಎರೆಹೊಲದಿಂದ ದೇವಗಡದವರೆಗಿನ ಹಾದಿಯ ಚರಿತ್ರೆ ಪೂರ್ಣವಾಗುತ್ತದೆ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಮತ್ತು ಎರಡೂ ಸೀಮೆಗಳ ಕ್ಷೇತ್ರಕಾರ್ಯಕರ್ತರು ಈ ಕೆಲಸವನ್ನು ತಡಮಾಡದೆ ಕೈಗೆತ್ತಿಕೊಳ್ಳುವುದು ಅಗತ್ಯ.